ಎರಡನೇ ಹೆಣ್ಣಿಗೆ ಹೇಳುವ ಮಾತು

ಗೋವನ್, ಗ್ಲಾಸ್ಗೋ
12 ಜನವರಿ 2014

ಎಫಿ ಅಜ್ಜಿಗೆ ನಮಸ್ಕಾರ.

ನಾನು ಟೋರ್ಕಿಲ್. ನಿಮ್ಮ ಅಕ್ಕ ಪೆಗಿಯವರ ಮೊಮ್ಮಗಳು ಮಾರ್ಸಲಿ ಇದಾಳಲ್ಲ, ಅವಳನ್ನ ಮದ್ವೆ ಆಗ್ತಿರೋ ಹುಡುಗ. ಫೋನ್ ಮಾಡೋಣ ಅಂದ್ರೆ ನಿಮಗೆ ಕಿವಿ ಅಷ್ಟು ಕೇಳಲ್ಲವಂತೆ. "ಪತ್ರ ಬರಿ, ಮೂವತ್ತೊಂದು ವರ್ಷ ದ್ವೀಪದ ಅಂಚೆ ಕಚೇರಿ ನಡೆಸಿದವ್ರು, ಉತ್ತರ ಕೊಡದೆ ಇರಲ್ಲ" ಅಂದ್ಲು ಮಾರ್ಸಲಿ. ನಾನು ಕೈಯಲ್ಲಿ ಪತ್ರ ಬರೀತಿರೋದು ಇದೇ ಮೊದ್ಲು. ತಪ್ಪಾದ್ರೆ ಅಳಿಸೋಕೂ ಆಗಲ್ಲ, ಹೆಂಗ್ ಬದುಕಿದ್ರಿ ನೀವೆಲ್ಲ!

ವಿಷಯ ಏನಂದ್ರೆ, ನನ್ನ ಮಾವ ಆಗೋರು, ನಿಮ್ಮ ಅಕ್ಕನ ಮಗ ಡೋನಲ್, ಒಂದೇ ಹಟ ಹಿಡಿದಿದಾರೆ. "ರೇಚಖ್ ಆಗದೆ ನನ್ನ ಮನೆಯಿಂದ ಹೆಣ್ಣು ಹೊರಡಲ್ಲ. ಅದೂ ನಮ್ಮ ದ್ವೀಪದ ಭಾಷೇಲೇ ಆಗ್ಬೇಕು. ಕಾಗದ ನೋಡ್ಕೊಂಡು ಓದೋ ಹಾಗಿಲ್ಲ." ನಂಗೆ ಇದು ಇಷ್ಟಾನೇ! ಹಳೇ ಮದ್ವೆ ಪದ್ಧತಿ ಅಂದ್ರೆ ನಂಗೆ ಪ್ರಾಣ. ನಂಗೆ ಗೊತ್ತಿರೋದು ಇಷ್ಟು: ಗಂಡಿನ ಕಡೆಯಿಂದ ಒಬ್ಬ ಮಾತುಗಾರ ಹೆಣ್ಣಿನ ಮನೆಗೆ ಬರ್ತಾನೆ. ಮದ್ವೆ ಅನ್ನೋ ಮಾತೇ ಎತ್ತೋ ಹಾಗಿಲ್ಲ. ಕುರಿಮರಿ ಕೊಳ್ಳೋಕೆ ಬಂದೆ, ದೋಣಿ ಹುಡುಕ್ತಿದೀನಿ ಅಂತ ಸುತ್ತಿ ಬಳಸಿ ಕೇಳ್ಬೇಕು. ಹೆಣ್ಣಿನ ಅಪ್ಪ ಬೇಕಂತಲೇ ಬೇರೆ ಹೆಂಗಸರನ್ನ ಒಬ್ಬೊಬ್ರಾಗಿ ಕರ್ಕೊಂಡು ಬಂದು "ಇದಾ?" ಅಂತಾನೆ. ಮಾತುಗಾರ ಬೇಡ, ಬೇಡ ಅಂತ ಹೋಗ್ಬೇಕು. ಕೊನೆಗೆ ನಿಜವಾದ ಹೆಣ್ಣು ಬಂದಾಗ "ಇದೇ!" ಸರಿನಾ?

ಮಾತುಗಾರ ಆಗೋಕೆ ನಮ್ಮ ಕಡೆ ಆ ಭಾಷೆ ನೆಟ್ಟಗೆ ಬರೋದು ಒಬ್ರಿಗೇ, ನನ್ನ ತಾತ ರೂರಿ ಬೀಟನ್. ನಿಮ್ಮೂರಿನವರೇ. ನಿಮಗೆ ಗೊತ್ತಿರ್ಬೇಕು. ಕೇಳಿದ್ದಕ್ಕೆ "ಒಂದ್ಸಲ ಮಾತಾಡಿದೀನಿ, ಸಾಕು" ಅಂತ ಎದ್ದು ಹೋದ್ರು. ಆ ಒಂದ್ಸಲ ಅಂದ್ರೆ 1957ರಲ್ಲಿ, ನಿಮ್ಮ ಪೆಗಿ ಅಕ್ಕನ ರೇಚಖ್‌ನಲ್ಲಂತೆ. ಆ ಕೋಣೇಲಿದ್ದ ದೊಡ್ಡವರಲ್ಲಿ ತಾತನ್ನ ಬಿಟ್ರೆ ಈಗ ಇರೋರು ನೀವೊಬ್ರೇ ಅಂತ ಡೋನಲ್ ಮಾವ ಹೇಳಿದ್ರು.

ತಾತ ಒಪ್ಪದಿದ್ರೆ ರೇಚಖ್ ಇಲ್ಲ. ರೇಚಖ್ ಇಲ್ದಿದ್ರೆ ಮಾವ ಇಲ್ಲ. ಅದಕ್ಕೇ ಕೇಳ್ತಿದೀನಿ: ಅವತ್ತು ಏನೇನು ಮಾತಾಡಿದ್ರು? ಸುಳ್ಳು ಹೆಣ್ಣುಗಳನ್ನ ತರೋದು ಯಾಕೆ? ನಿಜವಾದ ಹೆಣ್ಣನ್ನ ಯಕ್ಷಿಣಿಯರು ಎತ್ಕೊಂಡು ಹೋಗ್ದೇ ಇರಲಿ ಅಂತ ಕಣ್ಣಿಗೆ ಮಣ್ಣೆರಚೋಕಂತೆ. ಎರಡು ಸಾವಿರ ವರ್ಷದ್ದು ಅಂತಾನೂ ಓದಿದೆ. ನಿಜಾನಾ?

ನಿಮ್ಮ
ಟೋರ್ಕಿಲ್

(ಕವರಿನ ಮೇಲೆ "ಮುಂದಿನವಳು ಎಫಿ" ಅಂತ ಬರಿ, ಇಲ್ದಿದ್ರೆ ಬೇರೆ ಎಫಿಗೆ ಹೋಗುತ್ತೆ ಅಂದ್ರು ಮಾವ. ಬರ್ದಿದೀನಿ. ಯಾಕೆ ಹಂಗಂತಾರೆ ಅಂದ್ರೆ ಅವ್ರಿಗೂ ಗೊತ್ತಿಲ್ಲವಂತೆ.)


ಸೌತ್ ಯೂಯಿಸ್ಟ್
27 ಜನವರಿ 2014

ಟೋರ್ಕಿಲ್‌ಗೆ,

ನಿನ್ನ ಪತ್ರ ತಲುಪಿತು. ಕವರಿನ ಮೇಲೆ ನೀನು ಬರೆದ ಹೆಸರಿಗೇ ತಲುಪಿತು. ಅಂಚೆ ಚೀಟಿಯನ್ನು ಎಡಗಡೆ ಅಂಟಿಸಿದ್ದೀಯ. ಅದು ಬಲಗಡೆ ಇರಬೇಕು. ನಿನ್ನ ಅಕ್ಷರ ನಿನ್ನ ತಾತನದೇ. ಸಾಲುಗಳು ಕೊನೆಗೆ ಬರುತ್ತಾ ಮೇಲೇರುತ್ತವೆ.

ಯಕ್ಷಿಣಿಯರ ವಿಷಯ ನನಗೆ ಗೊತ್ತಿಲ್ಲ. ನಮ್ಮ ಮನೆಗೆ ಅವರು ಬಂದದ್ದಿಲ್ಲ. ಎರಡು ಸಾವಿರ ವರ್ಷದ್ದೋ ಇನ್ನೂರು ವರ್ಷದ್ದೋ, ಅದೂ ಗೊತ್ತಿಲ್ಲ. ನನ್ನ ಅಜ್ಜಿಗೆ ಅವಳ ಅಜ್ಜಿ ಹೇಳಿದ್ದು ಅಂತ ಗೊತ್ತು. ಅದಕ್ಕಿಂತ ಹಿಂದಿನದನ್ನು ನಮ್ಮವರು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟವರು ಹೊರಗಿನವರು, ಅವರು ಯಕ್ಷಿಣಿಯರನ್ನೇ ಹುಡುಕಿಕೊಂಡು ಬಂದವರು.

ರೇಚಖ್ ಅಂದರೆ ಬಿಡಿಸುವುದು. ಹೊಲದಲ್ಲಿ ಕಲ್ಲು ಹೆಕ್ಕಿ ನೆಲ ಸಮ ಮಾಡುವುದಕ್ಕೂ, ಸಿಕ್ಕು ಬಿದ್ದ ಬಲೆ ಬಿಡಿಸುವುದಕ್ಕೂ, ನೆರೆಮನೆಯವರ ಜಗಳ ತೀರಿಸುವುದಕ್ಕೂ ನಾವು ಅದೇ ಪದ ಬಳಸುತ್ತೇವೆ.

ಬೇರೆ ಹೆಂಗಸರನ್ನು ತರುವುದು ಯಾಕೆ ಅಂತ ನನ್ನ ಅಜ್ಜಿ ಹೇಳಿದ್ದು ಇಷ್ಟು. ಊರು ಚಿಕ್ಕದು. ಮದುವೆ ಅಂದರೆ ಒಬ್ಬಳನ್ನು ಆರಿಸುವುದು. ಉಳಿದವರು ನಾಳೆಯೂ ಅದೇ ಬಾವಿಯಲ್ಲಿ ನೀರು ಸೇದಬೇಕು. ಆದ್ದರಿಂದ ಆರಿಸದೆ ಬಿಟ್ಟವರನ್ನೂ ಎಲ್ಲರ ಮುಂದೆ ನಿಲ್ಲಿಸಬೇಕು, ಅವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಬೇಡ ಅನ್ನಬೇಕು. ಮಾತುಗಾರನ ಕೆಲಸ ಹೆಣ್ಣನ್ನು ಕೇಳುವುದಲ್ಲ. ಅದು ಮೊದಲೇ ಗೊತ್ತಾಗಿರುತ್ತದೆ. ಅವನ ಕೆಲಸ ಚೆನ್ನಾಗಿ ಬೇಡ ಅನ್ನುವುದು.

1957ರ ಫೆಬ್ರವರಿ. ಮದುವೆಯ ಗಂಡು ಏಂಗಸ್. ಮಾತಾಡಲು ಬರಬೇಕಿದ್ದವನು ನಿನ್ನ ತಾತನ ಸೋದರಮಾವ. ಅವನಿಗೆ ಸೊಂಟ ಹಿಡಿದುಕೊಂಡು, ಇಪ್ಪತ್ನಾಲ್ಕು ವರ್ಷದ ನಿನ್ನ ತಾತನನ್ನು ಕಳಿಸಿದರು. ಊರಲ್ಲಿ ಅವನ ಬಾಯಿಗೆ ಎದುರಾಡುವವರಿರಲಿಲ್ಲ.

ಮೊದಲು ನಿಲ್ಲಿಸಿದ್ದು ಪಕ್ಕದ ಮನೆಯ ಆರು ವರ್ಷದ ಹುಡುಗಿಯನ್ನು. "ಮರಿ ಮುದ್ದಾಗಿದೆ. ಆದ್ರೆ ನಮ್ಮ ಕಡೆ ಹುಲ್ಲು ಒರಟು, ಇದಕ್ಕಿನ್ನೂ ಮುಂದಿನ ಹಲ್ಲೇ ಬಂದಿಲ್ಲ. ಬರೋವರೆಗೂ ನೀವೇ ಸಾಕಿ" ಅಂದ. ಮಗು ಬಾಯಿ ತೆರೆದು ಎಲ್ಲರಿಗೂ ಹಲ್ಲು ತೋರಿಸಿತು.

ಮೂರನೆಯವಳು ವಿಧವೆ ಜೀನಿ. "ಈ ದೋಣಿ ಭಾರೀ ವೇಗದ್ದು ಅಂತ ಕೇಳಿದೀನಿ. ನಮ್ಮ ಹುಡುಗನಿಗೆ ಈಜು ಬರಲ್ಲ" ಅಂದ. ಜೀನಿ ಅದನ್ನು ಸಾಯುವವರೆಗೂ ಹೇಳಿಕೊಂಡು ತಿರುಗಿದಳು.

ನಾಲ್ಕನೆಯವಳು ಪೆಗಿ. "ಇದೇ" ಅಂದ. ಬಾಟಲಿ ತೆರೆದರು.

ಇಷ್ಟೇ.
ಎಫಿ


ಗೋವನ್
3 ಫೆಬ್ರವರಿ 2014

ಎಫಿ ಅಜ್ಜಿ!

ನಿಮ್ಮ ಪತ್ರ ನಾಲ್ಕು ಸಲ ಓದಿದೆ. "ಚೆನ್ನಾಗಿ ಬೇಡ ಅನ್ನೋದು!" ಆಹಾ! ಇದನ್ನ ಯಾರೂ ಎಲ್ಲೂ ಹೇಳಿಲ್ಲ. ನಂಗೆ ಮೈ ಜುಂ ಅಂತು.

ನಿನ್ನೆ ತಾತನ ಮನೆಗೆ ಹೋಗಿ ಓದಿ ಹೇಳಿದೆ. ಅವ್ರು ಆಲೂಗಡ್ಡೆ ಸಿಪ್ಪೆ ತೆಗೀತಿದ್ರು. ಯಾರ ಪತ್ರ ಅಂದಾಗ "ಎಫಿ ಅಜ್ಜೀದು" ಅಂದೆ. ರೇಡಿಯೋ ಆರಿಸಿದ್ರು. ಕೊನೇವರೆಗೂ ಕೇಳಿ ಆಮೇಲೆ:

"ಮೂರನೆಯವಳು ಜೀನಿ. ಸರಿ. ಎರಡನೆಯವಳು?"

ನೋಡಿದೆ. ಎರಡನೆಯವಳು ಇಲ್ಲವೇ ಇಲ್ಲ! ಒಂದು, ಮೂರು, ನಾಲ್ಕು. ನಾನು ನಾಲ್ಕು ಸಲ ಓದಿದ್ರೂ ಗಮನಿಸಿರ್ಲಿಲ್ಲ.

"ಮರ್ತಿರ್ಬೇಕು ತಾತ, ಅವ್ರಿಗೂ ವಯಸ್ಸಾಯ್ತು."

"ಅವಳು ಮರೆಯೋಳಲ್ಲ. ಇನ್ನೊಂದ್ಸಲ ಓದು."

ಓದಿದೆ. ಅವ್ರು ಒಂದೇ ಆಲೂಗಡ್ಡೇನ ಹೆರೀತಾ ಹೆರೀತಾ ಗೋಲಿಯಷ್ಟು ಮಾಡ್ಬಿಟ್ರು. "ಮಾತಾಡ್ತೀರಾ ತಾತ ನಮ್ಮ ರೇಚಖ್‌ನಲ್ಲಿ?" ಅಂದ್ರೆ "ಹೋಗೋ, ಬಸ್ಸು ತಪ್ಪುತ್ತೆ" ಅಂದ್ರು. ನಾನು ಬಂದಿದ್ದು ನಡ್ಕೊಂಡು, ನಡ್ಕೊಂಡು ಬಂದ್ರೆ ಹತ್ತೇ ನಿಮಿಷ.

ಯಾರಜ್ಜಿ ಆ ಎರಡನೆಯವಳು? ಏನಂದ್ರು ತಾತ ಅವಳಿಗೆ? ಅದು ಗೊತ್ತಾದ್ರೆ ಇವ್ರು ಯಾಕೆ ಬೇಡ ಅಂತಿದಾರೆ ಅಂತ ಗೊತ್ತಾಗುತ್ತೆ ಅನ್ಸುತ್ತೆ. ಬೇಗ ಬರೀರಿ.

ಟೋರ್ಕಿಲ್

(ಚೀಟಿ ಬಲಗಡೆ ಅಂಟಿಸಿದೀನಿ ನೋಡಿ.)


ಸೌತ್ ಯೂಯಿಸ್ಟ್
1 ಮಾರ್ಚ್ 2014

ಟೋರ್ಕಿಲ್‌ಗೆ,

ಗಾಳಿಯಿಂದ ಒಂಬತ್ತು ದಿನ ಹಡಗು ಬರಲಿಲ್ಲ. ಅಂಗಡಿಯಲ್ಲಿ ಬ್ರೆಡ್ಡು ಮುಗಿದು ಎಲ್ಲರೂ ಓಟ್ಸ್ ರೊಟ್ಟಿ ತಟ್ಟಿದೆವು. ಗೂಡಿನ ಚಾವಣಿ ಹಾರಿ ಹೋಗಿ ಎರಡು ಕೋಳಿ ಡೋನಲ್‌ನ ಟ್ರ್ಯಾಕ್ಟರ್ ಕೆಳಗೆ ಸಿಕ್ಕವು. ಜೀವಂತವಾಗಿ.

ಎರಡನೆಯವಳು ಮನೆಯವಳೇ. ಅಡುಗೆಮನೆಯಲ್ಲಿ ಬಟ್ಟಲು ಒರೆಸುತ್ತಿದ್ದವಳನ್ನು ಅಪ್ಪ ತೋಳು ಹಿಡಿದು ಎಳೆದು ತಂದರು. ಅವಳು ಅಕ್ಕನ ನೀಲಿ ಸ್ವೆಟರ್ ಹಾಕಿಕೊಂಡಿದ್ದಳು, ತನ್ನದು ಒಗೆದು ಹಾಕಿದ್ದರಿಂದ. ವಯಸ್ಸು ಇಪ್ಪತ್ತೊಂದು. ಹೆಸರು ಮುಖ್ಯವಲ್ಲ.

"ಇದು ಹೇಗಪ್ಪಾ ರೂರಿ? ಗಟ್ಟಿ ದೋಣಿ. ಎಲ್ಲೂ ಸೋರಲ್ಲ" ಅಂದರು ಅಪ್ಪ.

ನಿನ್ನ ತಾತ ಏನೂ ಅನ್ನಲಿಲ್ಲ.

ಒಲೆಯ ಮೇಲೆ ಕೆಟಲ್ ಇತ್ತು. ಅವನು ಸುಮ್ಮನಾದಾಗ ಅದು ಇನ್ನೂ ಗುಂಯ್ ಅನ್ನುತ್ತಿತ್ತಷ್ಟೆ. ಆಮೇಲೆ ಕುದಿಯಿತು. ಆಮೇಲೆ ಮುಚ್ಚಳ ಎಗರಿತು. ಅರವತ್ತು ಜನ ಇದ್ದರು, ಯಾರೂ ಇಳಿಸಲಿಲ್ಲ. ಜೀನಿ "ಏನೋ ರೂರಿ, ನಾಲಿಗೆ ನುಂಗ್ಬಿಟ್ಯಾ?" ಅಂದಳು. ಅವನು ಮೇಜನ್ನು ನೋಡುತ್ತಿದ್ದ.

ಅಪ್ಪ ಒಳ್ಳೆಯವರು. ಮಗಳನ್ನು ಕಾಪಾಡಬೇಕು ಅನ್ನಿಸಿತು ಅವರಿಗೆ, ತಮಾಷೆ ಮಾಡಿದರು. "ಬಿಡ್ರಪ್ಪಾ, ಪಾಪ, ಸುಳ್ಳು ಹೇಳೋಕೆ ಬರದ ಹುಡುಗ!" ಅಂದರು. ಮನೆ ಬಿದ್ದು ಹೋಗುವಂತೆ ಎಲ್ಲರೂ ನಕ್ಕರು. ಆಗ ನಿನ್ನ ತಾತ "ಮುಂದಿನವಳನ್ನ ಕರೀರಿ" ಅಂದ.

ರೇಚಖ್‌ನಲ್ಲಿ ಮಾತುಗಾರ ಸುಮ್ಮನಾದರೆ ಅದಕ್ಕೆ ಅರ್ಥ ಒಂದೇ. ಹೇಳಲು ಒಂದು ಒಳ್ಳೆಯ ಮಾತೂ ಸಿಗಲಿಲ್ಲ ಅಂತ. ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಅಡುಗೆಮನೆಗೆ ಹೋಗಿ ಉಳಿದ ಬಟ್ಟಲು ಒರೆಸಿದಳು. ಏಪ್ರಿಲ್‌ನಲ್ಲಿ ನಿನ್ನ ತಾತ ಗ್ಲಾಸ್ಗೋದ ಹಡಗುಕಟ್ಟೆಗೆ ಕೆಲಸಕ್ಕೆ ಹೋದ.

ನಿನ್ನ ಮದುವೆಗೂ ಇದಕ್ಕೂ ಸಂಬಂಧವಿಲ್ಲ. ಬೇರೆ ಮಾತುಗಾರನನ್ನು ಹುಡುಕಿಕೋ. ಬಾರಾ ದ್ವೀಪದಲ್ಲಿ ಒಬ್ಬನಿದ್ದಾನಂತೆ, ಕುಡಿಯುತ್ತಾನೆ, ಆದರೆ ಸಂಜೆ ಆರರ ಒಳಗೆ ಚೆನ್ನಾಗಿ ಮಾತಾಡುತ್ತಾನೆ.

ಎಫಿ


ಗೋವನ್
9 ಮಾರ್ಚ್ 2014

ಅಜ್ಜಿ,

ನೀವೇ ಅಲ್ವಾ?

ತಾತನ ಬಿಸ್ಕತ್ತು ಡಬ್ಬೀಲಿ ಒಂದು ಫೋಟೋ ಇದೆ. ಆಲೂಗಡ್ಡೆ ಹೊಲ, ಒಬ್ಬ ಹುಡುಗಿ ಸನಿಕೆ ಮೇಲೆ ಕೈ ಇಟ್ಕೊಂಡು ಫೋಟೋ ತೆಗೆಯೋನನ್ನ ಬೈತಿರೋ ಹಾಗಿದೆ. ಹಿಂದೆ "ಎಫಿ, 1956". ಅಷ್ಟೇ. ಚಿಕ್ಕವನಿದ್ದಾಗಿಂದ ನೋಡಿದೀನಿ, ಯಾರೋ ನೆಂಟರು ಅನ್ಕೊಂಡಿದ್ದೆ. ನಿಮ್ಮ ಪತ್ರ ಓದಿ ಸೀದಾ ಹೋಗಿ ಡಬ್ಬಿ ತೆಗೆದು ಮುಂದೆ ಇಟ್ಟೆ.

"ಇವ್ರೇನಾ ಎರಡನೆಯವಳು?"

"ಡಬ್ಬಿ ಮುಚ್ಚು."

"ಯಾಕೆ ತಾತ ಸುಮ್ನಾದ್ರಿ? ಊರಿಗೇ ದೊಡ್ಡ ಬಾಯಿ ಅಂತೆ ನಿಮ್ದು. ಮಾತು ಸಿಗಲಿಲ್ವಾ?"

ಫೋಟೋನ ಒಳಗಿಟ್ಟು ಡಬ್ಬಿ ಅವ್ರೇ ಮುಚ್ಚಿದ್ರು. ನಾನು ಆಸೆ ಬಿಟ್ಟೆ. ಆಮೇಲೆ ಅಂದ್ರು:

"ಮಾತಿತ್ತೋ. ಆದ್ರೆ ಅದನ್ನ ಹೇಳೋಕೆ ಅಂತ ನನ್ನ ಅಲ್ಲಿಗೆ ಕಳಿಸಿರಲಿಲ್ಲ."

ಅಜ್ಜಿ, ನಿಮಗೆ ಅರ್ಥ ಆಯ್ತಾ? ನಂಗೆ ಅರ್ಥ ಆಯ್ತು! ನಂಗೆ ಅಳುನೇ ಬಂತು, ರಸ್ತೇಲಿ ಜನ ನೋಡ್ತಿದ್ರು. ಐವತ್ತೇಳು ವರ್ಷ! ಒಂದು ಪತ್ರ ಹಾಕ್ಬಾರ್ದಿತ್ತಾ ಇವ್ರು? ಅಜ್ಜಿ ಹೋದ ಮೇಲಾದ್ರೂ ಹಾಕ್ಬಾರ್ದಿತ್ತಾ? (ನನ್ನ ಅಜ್ಜಿ, ಅಂದ್ರೆ ತಾತನ ಹೆಂಡ್ತಿ, ಹೋಗಿ ಹನ್ನೊಂದು ವರ್ಷ ಆಯ್ತು. ಒಳ್ಳೆಯವ್ರು. ಅವರ ಬಗ್ಗೆ ಏನೂ ತಪ್ಪು ತಿಳೀಬೇಡಿ.)

ದಯವಿಟ್ಟು ತಕ್ಷಣ ಬರೀರಿ. ಏನಾದ್ರೂ ಬರೀರಿ.

ಟೋರ್ಕಿಲ್


ಸೌತ್ ಯೂಯಿಸ್ಟ್
28 ಏಪ್ರಿಲ್ 2014

ಟೋರ್ಕಿಲ್‌ಗೆ,

ಬಿತ್ತನೆ ಆಲೂಗಡ್ಡೆ ನೆಟ್ಟು ಮುಗಿಯಿತು. ಈ ಸಲ ಈಸ್ಟರ್ ತಡವಾಗಿ ಬಂತು, ಆದ್ದರಿಂದ ಎಲ್ಲವೂ ತಡ. ಹನ್ನೊಂದು ಕೋಳಿಮರಿ. ಒಂದನ್ನು ಕಾಗೆ ಒಯ್ದಿತು.

ಅವನನ್ನು ಕೇಳು ಅಂತ ನಾನು ನಿನಗೆ ಹೇಳಿರಲಿಲ್ಲ.

ಕೇಳಿದ್ದೀಯ, ಇರಲಿ. ನಾನೂ ಒಂದು ಸಂಗತಿ ಹೇಳುತ್ತೇನೆ. ಆಗ ಈ ಊರಲ್ಲಿ ಮೂರು ಎಫಿಗಳಿದ್ದೆವು. ಒಬ್ಬಳು ಕೆಂಪು ಎಫಿ, ಒಬ್ಬಳು ಸೇತುವೆ ಎಫಿ. ನಾನು ಆ ಫೆಬ್ರವರಿಯಿಂದ "ಮುಂದಿನವಳು ಎಫಿ". ಕರೆಯಲು ಶುರು ಮಾಡಿದವರೆಲ್ಲ ಸತ್ತಿದ್ದಾರೆ. ಈಗಿನವರಿಗೆ ಅದು ಯಾಕೆ ಅಂತ ಗೊತ್ತಿಲ್ಲ. ಪಾದ್ರಿ ಕೂಡ ಹಾಗೇ ಕರೆಯುತ್ತಾರೆ. ಹೆಸರು ಅಂದಮೇಲೆ ಕರೆಯಲೇಬೇಕಲ್ಲ.

1962ರಲ್ಲಿ ಅಂಚೆ ಕಚೇರಿ ನನ್ನ ಕೈಗೆ ಬಂತು. ನಿನ್ನ ತಾತ ತನ್ನ ತಾಯಿಗೆ ತಿಂಗಳಿಗೊಂದು ಪತ್ರ ಬರೆಯುತ್ತಿದ್ದ. ಅವಳು ಸಾಯುವವರೆಗೂ, ಹದಿನಾಲ್ಕು ವರ್ಷ. ಎಲ್ಲಕ್ಕೂ ನಾನೇ ಮುದ್ರೆ ಒತ್ತಿ ಕಳಿಸಿದೆ. ಸಾಲುಗಳು ಮೇಲೇರುವ ಅಕ್ಷರ. ಒಂದರ ಮೇಲೂ ನನ್ನ ಹೆಸರು ಇರಲಿಲ್ಲ. ಇದು ದೂರಲ್ಲ. ಅಂಚೆಯವಳು ನೋಡುವುದು ವಿಳಾಸ ಮಾತ್ರ.

ಈಗ ನಿನ್ನ ತಾತನಿಗೆ ಹೇಳು. ಒಂದು ಸಲ ಬಾಯಿ ಕಟ್ಟಿಹೋದವನು ಎರಡನೇ ಸಲ ಹೆದರುವುದು ಸಹಜ. ಆದರೆ ಅವನ ಹೆದರಿಕೆಗೆ ಮಾರ್ಸಲಿಯ ಮದುವೆ ನಿಲ್ಲಬಾರದು. ರೇಚಖ್ ಜೂನ್ ಹದಿನಾಲ್ಕು, ಶನಿವಾರ, ಡೋನಲ್‌ನ ಮನೆಯಲ್ಲಿ.

ಇನ್ನೊಂದು. ಒಬ್ಬ ಮುದುಕಿಯನ್ನು ನಿಲ್ಲಿಸಿ ನಗಿಸುವುದು ಪದ್ಧತಿ. ಡೋನಲ್ "ಚಿಕ್ಕಮ್ಮ, ನೀವೇ ಬನ್ನಿ" ಅಂದ. ಎಷ್ಟನೆಯವಳಾಗಿ ಅಂತ ಕೇಳಿದೆ. "ಎರಡನೇದು" ಅಂದ. ಅವನಿಗೆ ಏನೂ ಗೊತ್ತಿಲ್ಲ. ಆಗಲಿ ಅಂದೆ. ಇದನ್ನು ನಿನ್ನ ತಾತನಿಗೆ ಮುಂಚೆಯೇ ಹೇಳು. ಗೊತ್ತಿಲ್ಲದೆ ಬಂದು ನನ್ನನ್ನು ಕಂಡರೆ ಅದು ಅವನಿಗೆ ಮಾಡುವ ಅನ್ಯಾಯ.

ಈ ಸಲ ಏನಾದರೂ ಒಂದು ಮಾತು ಆಡಲಿ. ನನಗೆ ಅಷ್ಟು ಸಾಕು.

ಎಫಿ


ಗೋವನ್
6 ಮೇ 2014

ಅಜ್ಜೀ!!!

ಒಪ್ಪಿದ್ರು! ನಿಮ್ಮ "ಹೆದರುವುದು ಸಹಜ" ಅನ್ನೋ ಸಾಲು ಓದಿದ್ದೇ ತಡ, "ಹೆದರಿದ್ದು ಅಂತ ಬರ್ದಿದಾಳಾ? ಇನ್ನೊಂದ್ಸಲ ಓದು. ಹೆದರಿದ್ದು ಅಂತಾನೇ?" ಅಂದ್ರು. ಸೀದಾ ಹೋಗಿ ಬೀರು ತೆಗೆದು ಕೋಟು ಗಾಳಿಗೆ ಹಾಕಿದ್ರು. ಮೇ ತಿಂಗಳಲ್ಲೇ! ಈಗ ದಿನಾ ಅಡುಗೆಮನೇಲಿ ಒಬ್ರೇ ಮಾತಾಡ್ಕೋತಾರೆ, ನಾನು ಹೋದ್ರೆ ಕೆಮ್ಮಿ ಸುಮ್ನಾಗ್ತಾರೆ.

ನೀವು ಹೇಳೋಕೆ ಹೇಳಿದ್ದೆಲ್ಲ ಹೇಳಿದೀನಿ, ಚಿಂತೆ ಬೇಡ.

ಎಲ್ರಿಗೂ ಎಷ್ಟು ಖುಷಿ ಗೊತ್ತಾ! ಎಲ್ರೂ ಕಾಯ್ತಿದಾರೆ!

ಟೋರ್ಕಿಲ್


(ಅಂಚೆ ಕಾರ್ಡು)
ಸೌತ್ ಯೂಯಿಸ್ಟ್
15 ಮೇ 2014

ಎಲ್ಲರೂ ಅಂದರೆ ಯಾರು?

ಎಫಿ


ಗೋವನ್
20 ಜೂನ್ 2014

ಅಜ್ಜಿ,

ಕಾರ್ಡಿಗೆ ಉತ್ತರ ಬರೀಲಿಲ್ಲ. ಕ್ಷಮಿಸಿ. ಈಗ ಎಲ್ಲಾ ಹೇಳ್ತೀನಿ.

ನಂದೊಂದು ಗುಂಪಿದೆ, ಕಂಪ್ಯೂಟರ್‌ನಲ್ಲಿ. ಹಳೇ ಮದ್ವೆ ಪದ್ಧತಿ ಇಷ್ಟ ಇರೋರ ಗುಂಪು. ನಿಮ್ಮ ಮೊದಲನೇ ಪತ್ರ ಅಲ್ಲಿ ಹಾಕಿದೆ. ರೇಚಖ್ ಬಗ್ಗೆ ತಾನೇ ಅಂತ. ಎರಡನೇದೂ ಹಾಕಿದೆ. ಆಮೇಲೆ ನಿಲ್ಸೋಕೆ ಆಗಲಿಲ್ಲ, ಜನ "ಮುಂದೇನಾಯ್ತು, ಮುಂದೇನಾಯ್ತು" ಅಂತ ಕೇಳ್ತಾನೇ ಇದ್ರು. ನಿಮ್ಮ ಹೆಸರು ಹಾಕಿಲ್ಲ, ಆಣೆ. ಆದ್ರೆ ನಾನೂರು ಜನಕ್ಕೆ ನಿಮ್ಮ ಕೆಟಲ್ ಗೊತ್ತು.

ತಾತ ಏನಂತಾರೆ ಅಂತ ಮತ ಹಾಕ್ಸಿದ್ವಿ. ಮುನ್ನೂರ ಅರವತ್ತೊಂದು ಜನ "ಇದೇ ನಂಗೆ ಬೇಕು ಅಂತಾರೆ" ಅಂತ ಹಾಕಿದ್ರು. ನಾನೂ ಹಾಕಿದ್ದೆ.

ಇನ್ನೊಂದು ತಪ್ಪು. ನೀವು ಎರಡನೆಯವರಾಗಿ ನಿಲ್ತೀರಿ ಅಂತ ತಾತನಿಗೆ ಹೇಳಿರಲಿಲ್ಲ. ಹೇಳಿದೀನಿ ಅಂತ ನಿಮಗೆ ಸುಳ್ಳು ಬರ್ದೆ. ಗುಂಪಿನವರು "ಹೇಳ್ಬೇಡ, ಆ ಕ್ಷಣದ ಮುಖ ಮುಖ್ಯ" ಅಂದ್ರು. ನಂಗೂ ಹಂಗೇ ಅನ್ನಿಸ್ತು.

ಅವತ್ತು ಮೊದಲನೇ ಮಗೂನ ತಾತ ಚೆನ್ನಾಗಿ ಬೇಡ ಅಂದ್ರು, ಎಲ್ರೂ ನಕ್ರು. ಡೋನಲ್ ಮಾವ ನಿಮ್ಮನ್ನ ಕೈ ಹಿಡಿದು ಕರ್ಕೊಂಡು ಬಂದು "ಇದು ಹೇಗೆ ಯಜಮಾನ್ರೇ? ಸ್ವಲ್ಪ ಹಳೇದು, ಆದ್ರೆ ಇನ್ನೂ ತೇಲುತ್ತೆ" ಅಂದಾಗ ನಾನು ತಾತನ ಮುಖಾನೇ ನೋಡ್ತಿದ್ದೆ. ಬಿಳಚಿಕೊಂಡ್ರು. ಟೋಪಿ ತೆಗೆದ್ರು. ಎದ್ದು ನಿಂತ್ರು. ಆಮೇಲೆ...

ಆಮೇಲೆ ಬೇಡ ಅಂದ್ರು! ನಿಮ್ಮನ್ನ! ಎರಡನೇ ಸಲ! ಎಲ್ಲರ ಮುಂದೆ!

ಅವ್ರು ಏನಂದ್ರು ಅಂತ ನಾನು ಬರೆಯಲ್ಲ. ನೀವು ಬಾಗಿಲ ಹತ್ರ ದೂರ ನಿಂತಿದ್ರಿ, ನಿಮ್ಮ ಕಿವಿಗೆ ಬೀಳದೇ ಇದ್ರೆ ಒಳ್ಳೇದಾಯ್ತು. ನೀವು ತಲೆ ಆಡಿಸಿ ಅಡುಗೆಮನೆಗೆ ಹೋದ್ರಿ, ಬಟ್ಟಲು ತೊಳೆಯೋ ಸದ್ದು ಬಂತು. ನಂಗೆ ಅಲ್ಲೇ ಭೂಮಿ ಬಾಯ್ಬಿಟ್ಟು ನುಂಗ್ಬಾರ್ದಾ ಅನ್ನಿಸ್ತು. ನಾನೇ ನಿಮ್ಮನ್ನ ಮತ್ತೆ ಅಲ್ಲಿಗೆ ತಂದು ನಿಲ್ಸಿದ ಹಾಗಾಯ್ತು.

ವಾಪಸ್ ಬರೋವಾಗ ಹಡಗಿನಲ್ಲಿ ತಾತನ್ನ ಬೈದೆ. "ಒಂದೇ ಒಂದು ಸಲ 'ಇದೇ' ಅನ್ನೋಕೆ ಏನಾಗಿತ್ತು ನಿಮಗೆ?" ಅಂದೆ.

"ಮಾರ್ಸಲಿ ಸಿಕ್ಕಿದ್ಲಲ್ಲ ನಿನಗೆ? ಕೆಲಸ ಆಯ್ತಲ್ಲ? ಸುಮ್ನಿರು" ಅಂತ ಕಣ್ಮುಚ್ಚಿಕೊಂಡ್ರು. ಮುಖದಲ್ಲಿ ಸ್ವಲ್ಪಾನೂ ಬೇಜಾರಿರ್ಲಿಲ್ಲ. ಮಗು ಹಂಗೆ ನಿದ್ದೆ ಮಾಡಿದ್ರು.

ಗುಂಪಿಗೆ ಏನೂ ಹಾಕಿಲ್ಲ. ನಾನೂರು ಜನ ಕಾಯ್ತಿದಾರೆ. ಏನಂತ ಹಾಕ್ಲಿ? ನಿಮಗೆ ಇಷ್ಟ ಇಲ್ಲ ಅಂದ್ರೆ ಎಲ್ಲಾ ಅಳಿಸ್ತೀನಿ. ಆಗಸ್ಟ್‌ನಲ್ಲಿ ಮದ್ವೆಗೆ ನೀವು ಬರ್ದಿದ್ರೂ ನಂಗೆ ಅರ್ಥ ಆಗುತ್ತೆ.

ಟೋರ್ಕಿಲ್


ಸೌತ್ ಯೂಯಿಸ್ಟ್
2 ಜುಲೈ 2014

ಟೋರ್ಕಿಲ್‌ಗೆ,

ನಾನೂರು ಜನ ದೊಡ್ಡ ಸಂಖ್ಯೆಯೇ. ನನ್ನನ್ನು ನೋಡಿ ನಕ್ಕವರು ಅರವತ್ತೇ ಜನ.

ಬೇರೆಯವರ ಪತ್ರವನ್ನು ಮೂರನೆಯವರಿಗೆ ಓದಿ ಹೇಳಿದರೆ ನನ್ನ ಕಾಲದಲ್ಲಿ ಅಂಚೆ ಕೆಲಸ ಹೋಗುತ್ತಿತ್ತು. ನೀನು ಅಂಚೆಯವನಲ್ಲ, ಬದುಕಿಕೊಂಡೆ. ತಾತನಿಗೆ ಮುಂಚೆ ಹೇಳದೆ ಇದ್ದದ್ದು ಅದಕ್ಕಿಂತ ದೊಡ್ಡ ತಪ್ಪು. ಅದನ್ನು ಅವನ ಹತ್ತಿರವೇ ಒಪ್ಪಿಕೋ, ನನ್ನ ಹತ್ತಿರವಲ್ಲ.

ಕಿವಿಯ ವಿಷಯ. ಎರಡು ವರ್ಷದ ಹಿಂದೆ ಆಸ್ಪತ್ರೆಯವರು ನನಗೆ ಕಿವಿಗೆ ಹಾಕುವ ಯಂತ್ರ ಕೊಟ್ಟಿದ್ದಾರೆ. ಅದು ಸಕ್ಕರೆ ಬಟ್ಟಲಲ್ಲಿರುತ್ತದೆ. ಹಾಕಿದರೆ ಕೋಳಿಗಳ ಗಲಾಟೆ ತಡೆಯಲಾಗುವುದಿಲ್ಲ. ಹದಿನಾಲ್ಕನೇ ತಾರೀಕು ಎರಡೂ ಕಿವಿಗೆ ಹಾಕಿಕೊಂಡು, ಮೇಲೆ ತಲೆವಸ್ತ್ರ ಕಟ್ಟಿಕೊಂಡು ಬಂದಿದ್ದೆ. ಅವನು ಟೋಪಿ ತೆಗೆದ ಸದ್ದೂ ಕೇಳಿಸಿತು.

ನೀನು ಬರೆಯಲಿಲ್ಲ. ನಾನು ಬರೆಯುತ್ತೇನೆ. ಒಂದು ಪದವೂ ಬಿಟ್ಟಿಲ್ಲ.

"ಈ ದೋಣಿ ನಂಗೆ ಗೊತ್ತು. ಈ ದ್ವೀಪದಲ್ಲಿ ಇದಕ್ಕಿಂತ ಒಳ್ಳೇದು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದ್ರೆ ಇದನ್ನ ಕೇಳೋಕೆ ಬರೋನು ತನಗೋಸ್ಕರ ಬರ್ಬೇಕು, ಇನ್ನೊಬ್ಬನ ಪರವಾಗಿ ಬರಬಾರ್ದು. ಹಿಂದೊಂದ್ಸಲ ನಾನು ಇನ್ನೊಬ್ಬನ ಪರವಾಗಿ ಬಂದಿದ್ದೆ. ಇವತ್ತೂ ಇನ್ನೊಬ್ಬನ ಪರವಾಗೇ ಬಂದಿದೀನಿ. ಹಂಗಾಗಿ, ಬೇಡ."

ನೀನು ಇದರಲ್ಲಿ ಕೊನೆಯ ಪದ ಒಂದನ್ನೇ ಕೇಳಿಸಿಕೊಂಡೆ. ನಿನ್ನ ಮುನ್ನೂರ ಅರವತ್ತೊಂದು ಜನರೂ ಅಷ್ಟನ್ನೇ ಕೇಳಿಸಿಕೊಳ್ಳುತ್ತಿದ್ದರು.

ನನ್ನ ಮೊದಲ ಪತ್ರ ಇನ್ನೊಂದು ಸಲ ಓದು. ನೀನು ನಾಲ್ಕು ಸಲ ಓದಿದೆ ಅಂದೆ, ಮೈ ಜುಂ ಅಂತು ಅಂದೆ. ಮಾತುಗಾರನ ಕೆಲಸ ಚೆನ್ನಾಗಿ ಬೇಡ ಅನ್ನುವುದು. ಅವನು "ಇದೇ" ಅಂದಿದ್ದರೆ ಜನ ನಗುತ್ತಿದ್ದರು, ಎಂಬತ್ತು ದಾಟಿದ ಮುದುಕನ ತಮಾಷೆ ಅಂತ. ಮಾರ್ಸಲಿಯ ಸಂಜೆ ಹಾಳಾಗುತ್ತಿತ್ತು. ನನಗೂ ಅದು ಬೇಕಿರಲಿಲ್ಲ. ನನ್ನ ಮನೆಯಲ್ಲಿ ಒಬ್ಬರಿಗೆ ಆಗುವಷ್ಟೇ ಜಾಗ ಇದೆ, ಅದೂ ಕೋಳಿಗಳು ಹೊರಗಿದ್ದರೆ. ಇಪ್ಪತ್ತೊಂದನೇ ವಯಸ್ಸಿನಲ್ಲೂ ನಾನು ಆ ಕೋಣೆಗೆ "ಇದೇ" ಅನ್ನಿಸಿಕೊಳ್ಳಲು ಬಂದಿರಲಿಲ್ಲ. ಅದು ಪೆಗಿಯ ದಿನ. ಆರು ವರ್ಷದ ಮಗುವಿಗೂ ಜೀನಿಗೂ ಸಿಕ್ಕಿದ್ದು ನನಗೆ ಸಿಗಲಿಲ್ಲ, ಅಷ್ಟೇ ವಿಷಯ. ಈಗ ಸಿಕ್ಕಿತು.

ಅವನಿಗೆ ಮುಂಚೆ ಗೊತ್ತಿರಲಿಲ್ಲ ಅಂತ ನೀನು ಬರೆದ ಮೇಲೆ ಇನ್ನೊಂದು ಗೊತ್ತಾಯಿತು. ಆ ಮಾತು ಆ ಸಂಜೆ ಹೊಳೆದದ್ದಲ್ಲ. ಅಷ್ಟು ನುಣುಪಾದ ಕಲ್ಲು ಒಂದು ದಿನದ ಅಲೆಗೆ ಆಗುವುದಿಲ್ಲ.

ಬಟ್ಟಲು ತೊಳೆದದ್ದು ಯಾಕೆ ಅಂದರೆ ಅವು ಕೊಳೆಯಾಗಿದ್ದವು.

ಗುಂಪಿನವರಿಗೆ ಅವನು ಹೇಳಿದ್ದನ್ನು ಹಾಗೇ ಹಾಕು, ಏನೂ ಸೇರಿಸಬೇಡ. ಅರ್ಥವಾದವರಿಗೆ ಆಗಲಿ. ಆಮೇಲೆ ಮುಚ್ಚು. ಯಕ್ಷಿಣಿಯರ ವಿಷಯವನ್ನು ಮಾತ್ರ ಅಳಿಸು.

ಆಗಸ್ಟ್‌ನಲ್ಲಿ ಬರುತ್ತೇನೆ. ಎರಡು ಕೋಳಿ ತರುತ್ತೇನೆ, ಅಡುಗೆಗೆ. ನಿನ್ನ ತಾತ ಇಲ್ಲಿಂದ ಹೊರಡುವಾಗ ನನ್ನ ಆಲೂಗಡ್ಡೆ ಹೇಗಿದೆ ಅಂತ ಕೇಳಿದ. ಆಗ ಚೆನ್ನಾಗಿತ್ತು. ಈಗ ಎಲೆಗೆ ಸ್ವಲ್ಪ ರೋಗ ಬಿದ್ದಿದೆ. ಕೇಳಿದರೆ ಹೇಳು.

ಕೊನೆಯದಾಗಿ. ಸೋಮವಾರ ಅಂಗಡಿಯಲ್ಲಿ ಡೋನಲ್‌ನ ಕಿರಿಯ ಮಗ ಹಿಟ್ಟಿನ ಚೀಲಕ್ಕೆ ಹೆಸರು ಬರೆದಿಟ್ಟಿದ್ದ. ಯಾರ ಚೀಲ ಅಂತ ನನಗೇ ತಿಳಿಯಲಿಲ್ಲ, ಅಲ್ಲೇ ಬಿಟ್ಟು ಬರುತ್ತಿದ್ದೆ. "ಅದು ನಿಮ್ದೇ ಅಜ್ಜಿ, ಈಗ ಎಲ್ರೂ ಹಂಗೇ ಅಂತಾರೆ" ಅಂದ. ಅಂಚೆಯ ಹುಡುಗಿಯೂ ಬುಧವಾರ ಬಾಗಿಲಲ್ಲಿ ಹಾಗೇ ಕರೆದಳು. ಆದ್ದರಿಂದ ನೀನು ಇನ್ನು ಬರೆಯುವಾಗ ಕವರಿನ ಮೇಲೆ ಹಳೆಯದನ್ನು ಬರೆಯಬೇಡ. "ದೋಣಿ ಎಫಿ, ಸೌತ್ ಯೂಯಿಸ್ಟ್" ಅಂತ ಬರೆ. ತಲುಪುತ್ತದೆ.

ಎಫಿ